ಓಗೊಡದ ಮಕ್ಕಳು

ಡಿಸೆಂಬರ್ 12, 1974 — ಗುರುವಾರ

ಇವತ್ತೂ ಪ್ಲಾಸ್ಟಿಕ್ ಕೊಳಲು. ಮೂರನೇ ಕ್ಲಾಸಿನವರು ಊದಿದ್ದೇ ಊದಿದ್ದು. ಅರ್ಧ ಮಕ್ಕಳಿಗೆ ಮುಂದಿನ ಹಲ್ಲಿಲ್ಲ, ಗಾಳಿಯೆಲ್ಲ ಸಂದಿಯಲ್ಲಿ ಸೋರಿಹೋಗುತ್ತದೆ. ಮೈಸೂರಿನಲ್ಲಿ ಅಷ್ಟು ವರ್ಷ ಪಿಟೀಲು ತಿಕ್ಕಿ ಕೊನೆಗೆ ಡೆಟ್ರಾಯಿಟ್‌ನ ಸ್ಕೂಲೊಂದರಲ್ಲಿ ಪಾರ್ಟ್‌ಟೈಮ್ ಮ್ಯೂಸಿಕ್ ಟೀಚರ್. ಮಿಸೆಸ್ ನಾಥ್! ದ್ವಾರಕಾನಾಥ ಅನ್ನುವ ಗಂಡನ ಹೆಸರಿನ ಬಾಲ ಮಾತ್ರ ಇವರ ನಾಲಿಗೆಗೆ ಸಿಕ್ಕಿದ್ದು.

ಬೆಳಗಿನದು ಬರೆದಿಡಬೇಕು. ರಸ್ತೆಯಲ್ಲಿ ಐಸ್ ಇರುತ್ತದೆ ಅಂತ ಪ್ಲಿಮತ್‌ನ ಮನೆಯಿಂದ ಬೇಗ ಹೊರಟಿದ್ದೆ. ಇನ್ನೂ ಕತ್ತಲು. ಸ್ಕೂಲಿನ ಪಕ್ಕದ ಚರ್ಚಿನಲ್ಲಿ ದೀಪ ಉರಿಯುತ್ತಿತ್ತು. ಮೆಕ್ಸಿಕೋದವರ ದೇವಮಾತೆಯ ಹಬ್ಬವಂತೆ. ಚಳಿ ತಡೆಯಲಾರದೆ ಒಳಗೆ ಹೋದೆ. ಮುಂದೆ ಕರಿ ಕೋಟು, ಬೆಳ್ಳಿ ಗುಂಡಿ ಹಾಕಿದ ಗಂಡಸರ ಮೇಳ. ಮರಿಯಾಚಿ ಅನ್ನುತ್ತಾರೆ. ಅಗಲ ಅಂಚಿನ ಟೋಪಿಗಳು ಬೆಂಚಿನ ಮೇಲೆ. ಎರಡು ಪಿಟೀಲು, ಒಂದು ಟ್ರಂಪೆಟ್, ಒಂದು ಪುಟ್ಟ ಗಿಟಾರು, ಒಂದು ಹೊಟ್ಟೆ ಉಬ್ಬಿದ ದೊಡ್ಡ ಗಿಟಾರು. ಪಿಟೀಲನ್ನು ನಿಂತೇ ಬಾರಿಸುತ್ತಾರೆ. ಆರು ಎಣಿಕೆ, ಮೂರು ಮೂರಾಗಿ ಹೋಗುತ್ತಿದ್ದದ್ದು ಇದ್ದಕ್ಕಿದ್ದಂತೆ ಎರಡೆರಡಾಯಿತು. ತೊಡೆಯ ಮೇಲೆ ತಾಳ ಹಾಕುತ್ತಿದ್ದ ನಾನು ತಪ್ಪಿದೆ. ತಪ್ಪಿದ್ದಕ್ಕೆ ಖುಷಿಯಾಯಿತು — ಎಷ್ಟು ವರ್ಷವಾಯಿತು ಯಾರಾದರೂ ನನ್ನ ತಾಳ ತಪ್ಪಿಸಿ!

ಹಾಡಿದವರು ಒಬ್ಬ ಮುದುಕರು. ಒರಟು ಗಂಟಲು, ಆದರೆ ಸ್ವರ ಕೂದಲೆಳೆಯಷ್ಟೂ ಸರಿಯಲಿಲ್ಲ. ಜನವೆಲ್ಲ ತಲೆ ತಗ್ಗಿಸಿ ನಿಶ್ಶಬ್ದ. ರಾಮೋತ್ಸವದ ಕಛೇರಿಯಲ್ಲಿ ಕೂತ ಹಾಗಾಯಿತು. ಅತ್ತುಬಿಟ್ಟೆ, ಸುಳ್ಳೇಕೆ.

ಕೊನೆಯ ಸಾಲಿನಲ್ಲಿ ನನ್ನ ಐದನೇ ಕ್ಲಾಸಿನ ಒಫೀಲಿಯಾ. ನನ್ನನ್ನು ಕಂಡು ಕೋಟಿನ ಕಾಲರ್‌ನೊಳಗೆ ಮುಖ ಹುದುಗಿಸಿದಳು. ಮಧ್ಯಾಹ್ನ ಕೇಳಿದೆ, ಹಾಡಿದವರು ಯಾರು ಅಂತ. "ಗೊತ್ತಿಲ್ಲ ಮೇಡಮ್." ಪಕ್ಕದವಳು ಕಿಸಕ್ಕನೆ ನಕ್ಕಳು. "ಅವಳ ತಾತ ಮೇಡಮ್! ಡಾನ್ ಚೆಂಚೊ!" ಒಫೀಲಿಯಾ ಕೆಂಪಗಾದಳು.

ಈ ಮೇಳವನ್ನು ಸ್ಕೂಲಿಗೆ ಕರೆಸಬೇಕು. ಪೀಪಿ ಊದುವ ಮಕ್ಕಳು ನಿಜವಾದ ಸಂಗೀತ ಎದುರಿಗೇ ಕೂತು ಕೇಳಬೇಕು.

ಜನವರಿ 18, 1975 — ಶನಿವಾರ

ಡಾನ್ ಚೆಂಚೊ (ಡಾನ್ ಅಂದರೆ ನಮ್ಮ ರಾಯರು ಅಂದ ಹಾಗಂತೆ) ಅವರ ಮನೆಗೆ ಹೋಗಿ ಬಂದೆ. ಫೌಂಡ್ರಿಯಲ್ಲಿ ಕಬ್ಬಿಣ ಕಾಯಿಸಿ ಕಾಯಿಸಿ ಕೈಯೆಲ್ಲ ಸುಟ್ಟ ಕಲೆ. ಇಂಗ್ಲಿಷ್ ಕಡಿಮೆ. ನನ್ನ ಸ್ಪ್ಯಾನಿಷ್ ಸೊನ್ನೆ. ನಡುವೆ ಒಫೀಲಿಯಾ, ಮನಸ್ಸಿಲ್ಲದ ಮನಸ್ಸಿನಿಂದ.

ಮೊದಲು ಆಗದು ಅಂದರು. ಆಮೇಲೆ ಗಂಟಲು ಮುಟ್ಟಿ ಏನೋ ಹೇಳಿದರು. ಒಫೀಲಿಯಾ ನೆಲ ನೋಡುತ್ತ ಹೇಳಿದಳು: "ತಾತಂಗೆ ಗಂಟಲಲ್ಲಿ ಏನೋ ಬೆಳೆದಿದೆ. ಮಾರ್ಚ್‌ನಲ್ಲಿ ಆಪರೇಷನ್. ಆಮೇಲೆ ಹಾಡಕ್ಕಾಗಲ್ಲ. ಮಾತೂ ಆಡಕ್ಕಾಗಲ್ಲ. ಅದಕ್ಕೇ ಬರ್ತಾರಂತೆ. ಒಂದೇ ಸಲ. ನಾನು... ನಾನು ಕೇಳ್ಬೇಕಂತೆ."

 ಅವಳ ತಾಯಿ ಎಸ್ತೆಲಾ ಕಾಫಿ ತಂದವಳು ಸೇರಿಸಿದಳು. "ಇವಳು ಈಗ ನಮ್ಮ ಮದುವೆಗಿದುವೆಗೆ ಬಂದ್ರೂ ಕಾರಲ್ಲೇ ಕೂತಿರ್ತಾಳೆ. ತಾತ ಹಾಡಿದ್ರೆ ನಾಚಿಕೆಯಂತೆ."

ಹೊರಡುವಾಗ ಕೇಳಿದೆ, ಮಕ್ಕಳನ್ನು ಹೇಗೆ ತಯಾರು ಮಾಡಲಿ? ಅವರು ಮೊಮ್ಮಗಳನ್ನೇ ನೋಡುತ್ತ ಒಂದು ಮಾತು ಹೇಳಿದರು. "ಮಕ್ಕಳು ಆನ್ಸರ್ ಮಾಡ್ಬೇಕಂತೆ" ಅಂದಳು ಒಫೀಲಿಯಾ. ಒಳ್ಳೆಯದೇ ಆಯಿತು. ಹಾಡು ಮುಗಿದ ಮೇಲೆ ಪ್ರಶ್ನೋತ್ತರ ಇಡುತ್ತೇನೆ.

ಫೆಬ್ರವರಿ 4 — ಮಂಗಳವಾರ

ಪ್ರಿನ್ಸಿಪಾಲ್ ಮಿಸೆಸ್ ನೊವಾಕ್ ಒಪ್ಪಿದರು, ಮೂಗು ಮುರಿಯುತ್ತ. ಗಲಾಟೆ ಆದರೆ ಇದೇ ಕೊನೆ ಅಂದರು. "ಆ ಗುಂಪಿನ ಮಕ್ಕಳು ನಿಮಗೆ ಗೊತ್ತಲ್ಲ." ಗೊತ್ತು, ನೀವೂ ಗೊತ್ತು ಅನ್ನಬೇಕೆಂದಿದ್ದೆ. ಅನ್ನಲಿಲ್ಲ.

ನೋಡುತ್ತಿರಿ. ಮೈಸೂರಿನ ಸಭೆಯಲ್ಲಿ ಕೂತ ಹಾಗೆ ಕೂರಿಸುತ್ತೇನೆ. ಬೆನ್ನು ನೆಟ್ಟಗೆ, ಕೈ ತೊಡೆಯ ಮೇಲೆ. ಹಾಡುವಾಗ ಪಿಟ್ಟೆನ್ನಬಾರದು. ಹಾಡು ಮುಗಿದ ಮೇಲೆ ಚಪ್ಪಾಳೆ, ಅದೂ ಹದವಾಗಿ. ಇವತ್ತೇ ಶುರು ಮಾಡಿದೆ. ಸದ್ದು ಮಾಡಿದರೆ ಹಾಡುವವರಿಗೆ ಅವಮಾನ ಅಂದೆ. ಒಫೀಲಿಯಾ ಕೈಯೆತ್ತಿದಳು. "ಸ್ವಲ್ಪಾನೂ ಮಾಡ್ಬಾರ್ದಾ?" "ಚೂರೂ ಇಲ್ಲ." ಕೈ ಇಳಿಸಿದಳು.

ಮನೆಯಲ್ಲಿ ಇವರು ರೇಗಿಸುತ್ತಾರೆ. "ಏನೇ, ಮೆಕ್ಸಿಕೋದೋರಿಗೂ ಮಡಿ ಕಲಿಸ್ತಿದೀಯಾ?" ಹೋಗ್ರೀ ಅಂದೆ.

ಫೆಬ್ರವರಿ 21 — ಶುಕ್ರವಾರ

ಮುಗಿಯಿತು. ಏನು ಬರೆಯಲಿ... ಚೆನ್ನಾಗಿಯೇ ಆಯಿತು. ಆಯಿತು ತಾನೆ?

ಆಡಿಟೋರಿಯಂ ತುಂಬ ಮಕ್ಕಳು. ಬೂಟು ಕಟಕಟ ಅನ್ನಿಸುತ್ತ ಮೇಳ ಬಂತು. ಈ ಸಲ ಟೋಪಿ ತಲೆಯ ಮೇಲೆ. ಡಾನ್ ಚೆಂಚೊ ತೆಳ್ಳಗಾಗಿದ್ದರು, ಕೋಟು ಹೆಗಲಿನಿಂದ ಜೋತಾಡುತ್ತಿತ್ತು. ಆದರೆ ಬಾಯಿ ತೆರೆದರು ನೋಡು — ಅಬ್ಬಾ! ಚರ್ಚಿನಲ್ಲಿ ಕೇಳಿದ್ದು ಏನೇನೂ ಅಲ್ಲ.

ಮಕ್ಕಳು ಗೊಂಬೆಗಳ ಹಾಗೆ ಕೂತಿದ್ದರು. ಒಂದು ಕೆಮ್ಮಿಲ್ಲ. ನನಗೆ ಹೆಮ್ಮೆ. ಹಾಡಿನ ನಡುವೆ ಅವರು ನಿಲ್ಲಿಸಿ ಕೈ ಚಾಚುತ್ತಿದ್ದರು, ನಮ್ಮ ಕಡೆಗೆ. ಕಾಯುತ್ತಿದ್ದರು. ವಾದ್ಯದವರು ಅಷ್ಟೇ ಎಣಿಕೆಯನ್ನು ತಿರುಗಿಸಿ ತಿರುಗಿಸಿ ಬಾರಿಸುತ್ತಿದ್ದರು. ಆಮೇಲೆ ಮತ್ತೆ ಹಾಡು. ಮುಗಿದಾಗ ಹದವಾಗಿ ಚಪ್ಪಾಳೆ. ಎರಡನೆಯ ಹಾಡಿಗೂ ಹಾಗೇ. ಟ್ರಂಪೆಟ್ಟಿನವನು ಪಿಟೀಲಿನವನ ಮುಖ ನೋಡಿದ.

ಮೂರನೆಯದರಲ್ಲಿ ಒಂದು ಸ್ವರವನ್ನು ಎಳೆದರು, ಎಳೆದರು... ಕುತ್ತಿಗೆಯ ನರ ಉಬ್ಬಿ ನಿಂತಿತು. ನಿಲ್ಲಿಸಿ, ಕೈ ಚಾಚಿ, ನೇರವಾಗಿ ಒಫೀಲಿಯಾಳನ್ನು ನೋಡಿದರು. ಹುಡುಗಿ ಸೀಟಿನಿಂದ ಅರ್ಧ ಎದ್ದಿದ್ದಳು. ಮುಖ ಕೆಂಡ. ಬಾಯಿ ತೆರೆದು "ಆ—" ಅಂದಳು. ಪಕ್ಕದಲ್ಲೇ ಮಿಸೆಸ್ ನೊವಾಕ್ ನಿಂತಿದ್ದರು.  ತುಟಿಯ ಮೇಲೆ ಬೆರಳಿಟ್ಟು ಕಣ್ಣು ಬಿಟ್ಟೆ. ಅವಳು ಬಾಯಿ ಮುಚ್ಚಿದಳು. ಕೂತಳು. ಕೈ ತೊಡೆಯ ಮೇಲೆ.

ಅವರು ಅದನ್ನು ನೋಡಿದರು. ಉಳಿದದ್ದನ್ನು ನೆಲ ನೋಡಿಕೊಂಡು ಹಾಡಿದರು.

ಪ್ರಶ್ನೋತ್ತರ: ದೊಡ್ಡ ಗಿಟಾರಿಗೆ ಎಷ್ಟು ತಂತಿ, ಗುಂಡಿ ನಿಜವಾದ ಬೆಳ್ಳಿಯಾ. ಟ್ರಂಪೆಟ್ಟಿನವನೇ ಉತ್ತರ ಕೊಟ್ಟ. ಡಾನ್ ಚೆಂಚೊ ಆಗಲೇ ಹೊರಗೆ ವ್ಯಾನಿನಲ್ಲಿ ಕೂತಿದ್ದರು. ಥ್ಯಾಂಕ್ಸ್ ಹೇಳಲು ಓಡಿದೆ. ಕೈ ಕೊಡಲಿಲ್ಲ. ಗಾಜು ಏರಿಸಿದರು. ಯಾಕೆ? ನೋವಿತ್ತೋ ಏನೋ.

ಮಿಸೆಸ್ ನೊವಾಕ್‌ಗೆ ಬಹಳ ಸಂತೋಷ. ಇಷ್ಟು ಶಿಸ್ತಿನ ಕಾರ್ಯಕ್ರಮ ಈ ಸ್ಕೂಲಿನಲ್ಲಿ ಆಗೇ ಇಲ್ಲವಂತೆ.

ಮಾರ್ಚ್ 11 — ಮಂಗಳವಾರ

ಇವತ್ತು ಆಪರೇಷನ್. ಒಫೀಲಿಯಾ ಬಂದಿಲ್ಲ. ಕೊಳಲು ಕ್ಲಾಸ್ ಮಾಡಿದೆ.

ಏಪ್ರಿಲ್ 5 — ಶನಿವಾರ

ಎಸ್ತೆಲಾಳ ತಂಗಿಯ ಮದುವೆ. ಇವರು, ನಾನು, ಮಗಳು ಮಂಜರಿ ಮೂವರೂ ಹೋಗಿದ್ದೆವು. ಡಾನ್ ಚೆಂಚೊ ಇನ್ನೂ ಆಸ್ಪತ್ರೆಯಲ್ಲಿ. ಅದೇ ಮೇಳ, ಹಾಡಿದವನು ಯಾರೋ ಹುಡುಗ, ಅಷ್ಟಕ್ಕಷ್ಟೆ.

ಹುಡುಗ ಒಂದು ಕಡೆ ನಿಲ್ಲಿಸಿ ಕೈ ಚಾಚಿದ. ಹಾಲ್‌ಗೆ ಹಾಲೇ ಕೂಗಿಕೊಂಡಿತು. "ಆಆಯ್... ಹಹಾಯ್!" ಮುದುಕಿಯರು, ಮಕ್ಕಳು, ತಟ್ಟೆ ಹಿಡಿದವರು. ಕೂಗು, ನಗು, ಅಳು, ಎಲ್ಲ ಒಟ್ಟಿಗೆ.

"ಅಯ್ಯೋ, ಯಾರಿಗೇನಾಯ್ತೇ?" ಅಂದರು ಇವರು, ಗಾಬರಿಯಿಂದ.

ಹುಡುಗನ ಮುಖ ಅರಳಿತು. ಅದೇ ಅಷ್ಟಕ್ಕಷ್ಟೆ ಗಂಟಲು ಎಲ್ಲಿಂದಲೋ ದೊಡ್ಡದಾಗಿ ಎದ್ದಿತು.  ಎಸ್ತೆಲಾಳನ್ನು ಕೇಳಿದೆ, ಏನಿದು?

"ಇದಾ? ಆನ್ಸರ್ ಮಾಡ್ತಿದಾರೆ. ಹಾಡೋನು ಕೇಳ್ತಾನೆ, ನಾವು ಆನ್ಸರ್ ಮಾಡ್ತೀವಿ. ಇಲ್ಲದಿದ್ರೆ ಅವನು ಹೇಗೆ ಹಾಡ್ತಾನೆ? ಯಾರೂ ಕೂಗದಿದ್ರೆ, ನೀನು ಬೇಡ ಹೋಗು ಅಂದ ಹಾಗೆ."

ಚರ್ಚಿನಲ್ಲಿ ಯಾರೂ ಕೂಗಲಿಲ್ಲವಲ್ಲ ಅಂದೆ. ಅವಳು ನಕ್ಕಳು. "ಪೂಜೇಲಿ ಯಾರಾದ್ರೂ ಕೂಗ್ತಾರಾ ಮಿಸೆಸ್ ನಾಥ್?" ಆಮೇಲೆ ನಗು ನಿಲ್ಲಿಸಿ ಹೇಳಿದಳು. "ಒಫೀಲಿಯಾ ಬೇಸ್‌ಮೆಂಟ್‌ನಲ್ಲಿ ದಿನಾ ಪ್ರಾಕ್ಟೀಸ್ ಮಾಡ್ತಿದ್ಲು. ಬಾಗಿಲು ಹಾಕ್ಕೊಂಡು. ತಾತಂಗೋಸ್ಕರ. ಅವತ್ತು ಯಾಕೋ ಬಾಯೇ ಬರ್ಲಿಲ್ಲ ಅಂದ್ಲು."

ನನ್ನ ಬೆರಳಿನ ವಿಷಯ ಆ ಮಗು ತಾಯಿಗೂ ಹೇಳಿಲ್ಲ.

ಮನೆಗೆ ಬಂದು ಕೂತಿದ್ದೇನೆ. ಒಳಗಿನಿಂದ ಇವರು "ಮಂಜೂ" ಅಂತ ಕೂಗುತ್ತಿದ್ದಾರೆ, ಅವಳು "ವಾಟ್?" ಅನ್ನುತ್ತಿದ್ದಾಳೆ. ಎಷ್ಟು ಸಲ ಬೈದಿದ್ದೇನೆ, ಕರೆದರೆ 'ಓ' ಅನ್ನಬೇಕು ಕಣೇ, ಓಗೊಡದಿದ್ದರೆ ಕರೆದವರಿಗೆ ಹೊಟ್ಟೆ ಉರಿಯುತ್ತದೆ ಅಂತ. ನಾನೇ ಕಲಿಸುವ ಮಾತು. ಆನ್ಸರ್ ಅಂದರೆ ನನಗೆ ಹೊಳೆದದ್ದು ಉತ್ತರ. ಪರೀಕ್ಷೆಯ ಉತ್ತರ! ಮುದುಕರು ಕೇಳಿದ್ದು ಓಗೊಡಲಿ ಅಂತ. ಒಂದು ಸಲ, ಇರುವ ಗಂಟಲೆಲ್ಲ ಖರ್ಚು ಮಾಡಿ ಕರೆದರು. ಅಷ್ಟು ಮಕ್ಕಳ ಬಾಯಿ ಕಟ್ಟಿ ಕೂರಿಸಿದ್ದೆ. ಓ ಅನ್ನಲು ಎದ್ದ ಒಬ್ಬಳನ್ನೂ...

ಥೂ. ನನ್ನ ಸಂಗೀತಕ್ಕಿಷ್ಟು ಬೆಂಕಿ ಹಾಕ.

ಏಪ್ರಿಲ್ 7 — ಸೋಮವಾರ

ಕ್ಲಾಸಿನಲ್ಲಿ ಹೇಳಿದೆ, ನಾನು ತಪ್ಪು ಕಲಿಸಿದೆ, ಹಾಡುವಾಗ ಕೂಗಬೇಕು, ಕೂಗಿ. ಮಕ್ಕಳಿಗೇನು, ಹಬ್ಬ. ಛಾವಣಿ ಹಾರಿಹೋಗುವಂತೆ ಕೂಗಿದರು. ಒಫೀಲಿಯಾ ಕಿಟಕಿ ನೋಡುತ್ತಿದ್ದಳು.

ಆಮೇಲೆ ನಿಲ್ಲಿಸಿಕೊಂಡು ಕ್ಷಮಿಸು ಅಂದೆ. "ಇಟ್ಸ್ ಓಕೆ ಮಿಸೆಸ್ ನಾಥ್." ತಾತನ ಹತ್ತಿರ ಹೋಗಿ ನಾನೇ ಹೇಳುತ್ತೇನೆ, ನೀನು ಎದ್ದಿದ್ದೆ, ನಾನೇ ತಡೆದೆ ಅಂತ, ಅಂದೆ. "ಅವರಿಗೆ ಗೊತ್ತು. ಅವರು ನೋಡಿದ್ರು. ನಾನು ನಿಮ್ಮ ಮಾತು ಕೇಳಿದ್ದನ್ನೂ ನೋಡಿದ್ರು."

ಹತ್ತು ವರ್ಷದ ಹುಡುಗಿ. 

ಸದ್ದು ಕೇಳಿ ಮಿಸೆಸ್ ನೊವಾಕ್ ಬಂದಿದ್ದರು. ಬೈದರು. ಬೈದು, ಹೋಗುವಾಗ ಕೇಳಿದರು: ಸೆಪ್ಟೆಂಬರ್‌ನಲ್ಲಿ ಆ ಮುದುಕರನ್ನು ಮತ್ತೆ ಕರೆಸಬಹುದಾ? ಎಷ್ಟು ಚೆನ್ನಾಗಿ ಹಾಡುತ್ತಾರೆ.

ಏಪ್ರಿಲ್ 8

"ಗೊತ್ತಿಲ್ದೆ ಆಗಿದ್ದು ಕಣೇ ಪದ್ಮಾ, ಎಷ್ಟೂಂತ ಕೊರಗ್ತೀಯಾ?" ಅನ್ನುತ್ತಾರೆ ಇವರು. ಗೊತ್ತಿಲ್ಲದೆ ಆಯಿತು ಅಂತ ಅವರ ಗಂಟಲು ವಾಪಸ್ ಬರುತ್ತದಾ? 

ಮೇ 3 — ಶನಿವಾರ

ಹೋಗಿ ಬಂದೆ. ಇಷ್ಟು ದಿನ ಧೈರ್ಯವಿರಲಿಲ್ಲ.

ಡಾನ್ ಚೆಂಚೊ ಮುಂದಿನ ಕೋಣೆಯಲ್ಲಿ ಕುರ್ಚಿಯ ಮೇಲಿದ್ದರು. ಕುತ್ತಿಗೆಯಲ್ಲಿ ತೂತು, ಅದರ ಮೇಲೆ ತೆಳು ಬಟ್ಟೆ. ಉಸಿರು ಅಲ್ಲಿಂದಲೇ. ಎಸ್ತೆಲಾ ಕೆಲಸಕ್ಕೆ ಹೋಗಿದ್ದಳು. ಒಫೀಲಿಯಾ ಬಾಗಿಲು ತೆರೆದು ಅಡುಗೆಮನೆಗೆ ಹೋಗಿಬಿಟ್ಟಳು. ಪಾತ್ರೆ ತೊಳೆಯುವ ಸದ್ದು.

ಬರುವ ದಾರಿಯುದ್ದಕ್ಕೂ ಹೇಳಿಕೊಂಡಿದ್ದ ಸ್ಪ್ಯಾನಿಷ್ ಎರಡು ವಾಕ್ಯ ಮರೆತೇ ಹೋಯಿತು. ಇಂಗ್ಲಿಷ್‌ನಲ್ಲಿ ಏನೇನೋ ಅಂದೆ. ನಾನು, ನನ್ನ ತಪ್ಪು, ಮಗುವಿನದಲ್ಲ. ನಡುನಡುವೆ ಕನ್ನಡವೇ ಬಂದುಬಿಡುತ್ತಿತ್ತು. ಎಷ್ಟು ತಿಳಿಯಿತೋ. ನನ್ನ ಕೈ ತಟ್ಟಿದರು. ಆಮೇಲೆ ಅಡುಗೆಮನೆಯ ಕಡೆ ತಿರುಗಿದರು.

ತುಟಿ ಅಲುಗಿತು. ಒ-ಫೀ-ಲಿ-ಯಾ. ಎದುರಿಗೇ ಇದ್ದೆ, ಸ್ಪಷ್ಟವಾಗಿ ಕಂಡಿತು. ಸದ್ದಿಲ್ಲ. ಬಟ್ಟೆ ಒಂದು ಸಲ ಉಬ್ಬಿ ಇಳಿಯಿತು. ಇನ್ನೊಂದು ಸಲ ಕರೆದರು. ಬಟ್ಟೆ ಉಬ್ಬಿತು.

ಎದ್ದು ಅಡುಗೆಮನೆಗೆ ಹೋದೆ. "ಒಫೀಲಿಯಾ, ತಾತ ಕರೀತಿದಾರೆ."

"ನಂಗೇನೂ ಕೇಳಿಸ್ಲಿಲ್ಲ." ತಿರುಗಲಿಲ್ಲ.

"ಕರೀತಿದಾರಮ್ಮ. ಒಂದು ನಿಮಿಷ ಬಾ."

ನಲ್ಲಿಯನ್ನು ಇನ್ನೂ ಜೋರಾಗಿ ಬಿಟ್ಟಳು.  ಭುಜ ಮುಟ್ಟಲು ಹೋದೆ, ಸರಿದಳು.

ಹಿಂದಿರುಗಿ ಬಂದೆ. ಅವರು ಕಾಯುತ್ತಿದ್ದರು, ಮುಖ ಮೇಲೆತ್ತಿ.  ಸ್ಟೋರ್‌ಗೆ ಹೋಗಿದ್ದಾಳೆ ಅಂದೆ. ಸ್ಟೋರ್, ಸ್ಟೋರ್, ಅಂತ ಕೈಯಲ್ಲೂ ತೋರಿಸಿದೆ. ಒಳಗೆ ನೀರು ಸುರಿಯುತ್ತಲೇ ಇತ್ತು, ಒಂದು ತಟ್ಟೆ ಬಿತ್ತು. ಅವರು ಹೌದು ಹೌದು ಅನ್ನುವಂತೆ ತಲೆಯಾಡಿಸಿದರು. ನನಗೆ ಸಮಾಧಾನವಾಗಲಿ ಅಂತಲೋ ಏನೋ ನಗಲೂ ನೋಡಿದರು. ನಾನು ಆಗಲಾದರೂ ಅವಳ ಬದಲು ಒಂದು 'ಓ' ಅನ್ನಬಹುದಿತ್ತು.