ಬಿಸ್ಕತ್ತಿನ ಡಬ್ಬಿಯ ಡಾಕ್ಟರಮ್ಮ

ಗೋರ್ನಿ ದ್ರೆನ್, ಬಲ್ಗೇರಿಯ
ಜೂನ್ ೧೧, ಮಂಗಳವಾರ

ಜೀವದ ಗೆಳತಿ ದೋಬ್ರಿಂಕಾಳಿಗೆ,

ಮೊದಲು ಒಂದು ಕೆಲಸ ಮಾಡು. ನಾನು ಕೊಟ್ಟ ಮಾತ್ರೆಗಳು ಕೈಚೀಲದಲ್ಲಿ ಎಷ್ಟು ಉಳಿದಿವೆಯೋ ಅಷ್ಟನ್ನೂ ಆಸ್ಪತ್ರೆಯ ಡಾಕ್ಟರಿಗೆ ಒಪ್ಪಿಸು. ಇನ್ನೊಂದನ್ನೂ ನುಂಗಬೇಡ. 'ಪೆಂಕಾ ಕೊಟ್ಟಳು' ಎಂದು ಹೆಸರು ಸಮೇತ ಹೇಳು. ಆಮೇಲೆ ಮುಂದಕ್ಕೆ ಓದು.

ಫೋನಿನಲ್ಲೇ ಹೇಳಬಹುದಿತ್ತು. ನಿನ್ನೆ ಮೂರು ಸಲ ಮಾಡಿ, ಮೂರು ಸಲವೂ ನಿನ್ನ ಕೋಳಿಗಳ ಆರೋಗ್ಯ ವರದಿ ಒಪ್ಪಿಸಿ ಇಟ್ಟುಬಿಟ್ಟೆ. ನಾಚಿಕೆ ನಾಲಿಗೆ ಹಿಡಿದಿತ್ತು. ಅದಕ್ಕೇ ಆಸ್ಪತ್ರೆಗೆ ನಿನ್ನನ್ನು ನೋಡಲು ಬರುವ ನಿನ್ನ ಗಂಡ ಗಾಂಚೋ ಕೈಯಲ್ಲಿ ಈ ಪತ್ರ.

ನಮ್ಮೂರಿಗೆ ಡಾಕ್ಟರು ಬರುವುದು ಗುರುವಾರ ಮಾತ್ರ. ಉಳಿದ ಆರು ದಿನ ನಾನೇ ಡಾಕ್ಟರಮ್ಮ. ಮನೆಮನೆಯಲ್ಲಿ ಮಿಕ್ಕ ಮಾತ್ರೆ, ತೀರಿಹೋದವರ ಮಾತ್ರೆ, ಎಲ್ಲಕ್ಕೂ ನನ್ನ ಬಿಸ್ಕತ್ತಿನ ಡಬ್ಬಿಯಲ್ಲಿ ಆಶ್ರಯವುಂಟು. ಹೋದ ವಾರ ಸೋಮವಾರ ಕಾಫಿಗೆ ಬಂದ ನೀನು ಉರಿಮೂತ್ರ ಎಂದೆ. ಕಳೆದ ವರ್ಷ ನನ್ನ ಮೂತ್ರಪಿಂಡದ ಸೋಂಕಿಗೆ ಬರೆದಿದ್ದ ಸಿಪ್ರೊಫ್ಲಾಕ್ಸಾಸಿನ್ ಮಾತ್ರೆ ತೆಗೆದುಕೊಟ್ಟು, 'ನಾಲ್ಕು ದಿನದಲ್ಲಿ ಹುಡುಗಿ ಆಗ್ತೀಯ ನೋಡೇ' ಎಂದೆ. ನಿನಗೆ ಅರವತ್ತೆಂಟು. ಉಬ್ಬಸಕ್ಕೆ ದಿನಾ ಸ್ಟೀರಾಯ್ಡ್ ನುಂಗುತ್ತೀ. ಎರಡೂ ನನಗೆ ಗೊತ್ತಿತ್ತು. ನನ್ನೊಳಗಿನ ಡಾಕ್ಟರಮ್ಮ ಮಾತ್ರ ವಯಸ್ಸೆಷ್ಟು, ಬೇರೆ ಮಾತ್ರೆ ಏನು ಎಂದು ಕೇಳಲೇ ಇಲ್ಲ.

ಜೊತೆಗೆ ಸಲಹೆ ಬೇರೆ: 'ಬಟ್ಟಲು ಮೊಸರಿನ ಜೊತೆ ನುಂಗು, ಹೊಟ್ಟೆ ತಂಪಾಗಿರುತ್ತೆ.' ಮೊಸರು ಕೂಡ ತಪ್ಪು ಮಾಡೀತೆಂದು ಈ ದೇಶದಲ್ಲಿ ಹುಟ್ಟಿದ ಯಾರಿಗೆ ತಾನೇ ಹೊಳೆಯುತ್ತದೆ?

ಶುಕ್ರವಾರ ಬೇಲಿಯಾಚೆಯಿಂದ ನೀನು, 'ಪೆಂಕಾ, ಹಿಮ್ಮಡಿ ಮೇಲೆ ಯಾರೋ ಹಿಂಡಿದ ಹಾಗಾಗ್ತಿದೆ ಕಣೇ' ಎಂದೆ. ನಾನು ಗಂಭೀರವಾಗಿ, 'ವಯಸ್ಸು ಮುದುಕಿ, ವಯಸ್ಸು. ರಾಕಿಯಾ ಸಾರಾಯಿ ಹಚ್ಚಿ ತಿಕ್ಕು, ಮಿಕ್ಕಿದ್ದನ್ನ ಗಾಂಚೋಗೆ ಕುಡಿಸು' ಎಂದು ಚಿಕಿತ್ಸೆ ಮುಗಿಸಿದೆ.

ಭಾನುವಾರ ಪಕ್ಕದ ಊರಿನ ಹೆಂಗಸರ ಎದುರು ಹೋರೋ ಕುಣಿತದ ಸ್ಪರ್ಧೆ. ಕರವಸ್ತ್ರ ಬೀಸುತ್ತಾ ಸಾಲಿನ ಮುಂದೆ ನೀನು, ನಿನ್ನ ಕೈ ಹಿಡಿದು ನಾನು. ಮೂರನೇ ಸುತ್ತಿನಲ್ಲಿ ನಿನ್ನ ಹಿಮ್ಮಡಿಯ ಬಳಿ ಟಪ್ ಎಂದಿತು. ಕುಸಿಯುತ್ತಲೇ ನೀನು ಹಿಂತಿರುಗಿ, 'ಯಾರೇ ಹಿಂದಿನಿಂದ ಒದ್ದಿದ್ದು?' ಎಂದು ಕೇಳಿದೆ. 'ಯಾರೂ ಇಲ್ಲ ಕಣೇ' ಎಂದೆ ನಾನು. ಆ ಉತ್ತರ ಎರಡು ದಿನದಿಂದ ನನ್ನನ್ನು ಬಿಡದೆ ಕಾಡುತ್ತಿದೆ.

ನಿನ್ನೆ ಪಟ್ಟಣಕ್ಕೆ ಹೋಗಿ ಔಷಧಿ ಅಂಗಡಿಯ ಹೆಂಗಸಿಗೆ ಎಲ್ಲ ಹೇಳಿದೆ. ಅವಳು ಕನ್ನಡಕ ತೆಗೆದಿಟ್ಟಳು. 'ಸಣ್ಣಪುಟ್ಟ ಉರಿಮೂತ್ರಕ್ಕೆಲ್ಲ ಇದನ್ನ ಕೊಡಲ್ಲಮ್ಮಾ, ಅದಕ್ಕೆ ಬೇರೆ ಔಷಧಿ ಇದೆ. ಅರವತ್ತು ದಾಟಿದವರಿಗೆ, ಅದರಲ್ಲೂ ಸ್ಟೀರಾಯ್ಡ್ ತಗೊಳ್ಳೋರಿಗೆ, ಹಿಮ್ಮಡಿಯ ಸ್ನಾಯುರಜ್ಜು ಹರಿಯೋ ಅಪಾಯ ಜಾಸ್ತಿ. ನೋವು ಅಂದ ತಕ್ಷಣ ಮಾತ್ರೆ ನಿಲ್ಸಿ, ಕಾಲಿಗೆ ವಿಶ್ರಾಂತಿ ಕೊಟ್ಟು, ಡಾಕ್ಟರಿಗೆ ಹೇಳ್ಬೇಕಿತ್ತು. ಮೊಸರಿನ ಜೊತೆ ನುಂಗಿದ್ರೆ ಔಷಧಿ ಸರಿಯಾಗಿ ಮೈಗೂ ಹತ್ತಲ್ಲ' ಎಂದಳು. ಅಂದರೆ ಉರಿಯನ್ನು ಉಳಿಸಿ ಕಾಲನ್ನು ಕಳೆದ ಕೀರ್ತಿ ನನ್ನದು. ನಗಬೇಡ. ಬೇಕಾದರೆ ನಗು.

ಕೊನೆಗೆ ಅವಳು, 'ಅವರಿಗೆ ಇನ್ನೊಂದು ಕಾಲಿದೆಯಲ್ಲಮ್ಮಾ. ಮಾತ್ರೆ ನಿಲ್ಲಿಸಿದ ಮೇಲೂ ತಿಂಗಳುಗಟ್ಟಲೆ ಭಯ ಇದ್ದೇ ಇರುತ್ತೆ' ಎಂದಳು. ನಿನ್ನ ಡಾಕ್ಟರಿಗೋ ಕುಣಿದು ಕಾಲು ಕೆಡಿಸಿಕೊಂಡ ಮುದುಕಿಯಷ್ಟೇ ಗೊತ್ತು. ಅದಕ್ಕೇ ಮೊದಲ ಸಾಲಿನಲ್ಲೇ ಬೇಡಿಕೊಂಡದ್ದು. ಆ ಕಾಲಾದರೂ ಉಳಿಯಲಿ.

ತಲೆ ತಗ್ಗಿಸಿ,
ನಿನ್ನ ಪೆಂಕಾ

ತಾ.ಕ.: ಇದೆಲ್ಲ ನನಗೆ ನಿನ್ನೆ ತಿಳಿಯಿತು ಎಂಬಂತೆ ಬರೆದೆ. ಸುಳ್ಳು. ಬೇಲಿ ಬಳಿ ನೀನು ನೋವೆಂದ ಸಂಜೆಯೇ ನನ್ನಲ್ಲೇ ಉಳಿದಿದ್ದ ಆ ಮಾತ್ರೆಯ ಖಾಲಿ ಪೆಟ್ಟಿಗೆಯೊಳಗಿನ ಸೂಚನೆಯ ಚೀಟಿ ಬಿಡಿಸಿ ಓದಿದೆ. ನೀನು ಕೂತರೆ ಸಾಲನ್ನು ನಡೆಸುವವರು ಯಾರೂ ಇರಲಿಲ್ಲ. ನಾವು ಮೂರು ವರ್ಷದಿಂದ ಸೋಲುತ್ತಲೇ ಬಂದಿದ್ದೆವು. ಮಡಿಚಿ ಒಳಗಿಟ್ಟೆ. ಅದೇ ಚೀಟಿ ಇದರ ಜೊತೆಗಿದೆ. ಹಿಮ್ಮಡಿ ನೋವಿನ ಸಾಲಿನ ಕೆಳಗೆ ಪೆನ್ಸಿಲ್ ಗೆರೆ ಕಾಣುತ್ತದೆ. ಅದನ್ನು ಎಳೆದದ್ದು ಶುಕ್ರವಾರ.