ಕಾಣದ ಪಿತ್ತಕೋಶ

18-2-2002, ಸೋಮವಾರ

ಎಕ್ಸ್‌ರೇಯಲ್ಲಿ ನನ್ನ ಪಿತ್ತಕೋಶವೇ ಕಾಣಲಿಲ್ಲ. ನಿನ್ನೆ ರಾತ್ರಿ ಜಿಡ್ಡಿಲ್ಲದ ಅನ್ನ ಸಾರು ಉಂಡು, ಐದೈದು ನಿಮಿಷಕ್ಕೊಂದರಂತೆ ಆರು ಮಾತ್ರೆ ನುಂಗಿದ್ದೆ. ಆ ಮದ್ದು ಪಿತ್ತಕೋಶದಲ್ಲಿ ತುಂಬಿಕೊಂಡರೆ ಚಿತ್ರದಲ್ಲಿ ಬೆಳ್ಳಗೆ ಕಾಣುತ್ತದಂತೆ; ಜಿಡ್ಡು ತಿಂದರೆ ಅದು ಹಿಂಡಿಕೊಂಡು ಮದ್ದೆಲ್ಲ ಹೊರಹೋಗುತ್ತದಂತೆ. ಕಾಣದಿದ್ದರೆ ಅದು ಕೆಟ್ಟಿರಬಹುದು, ಆಪರೇಷನ್ ಆಗಬೇಕಾದೀತು ಎಂದರು ದೊಡ್ಡನೆಕ್ಕುಂದಿಯ ಡಾಕ್ಟರು. "ಬೆಳಿಗ್ಗೆ ಏನಾದ್ರೂ ತಗೊಂಡ್ರಾ ಅಮ್ಮ?" ಎಂದು ಕೇಳಿದರು. "ಏನೂ ಇಲ್ಲ" ಎಂದೆ.

ಮನೆಗೆ ಬರುವಾಗ ಆಟೋದಲ್ಲಿ ಸೊಸೆ ಮಹಾನಂದಾ ಮೆಲ್ಲಗೆ, "ಅತ್ತೆ, ಬೆಳಿಗ್ಗೆ ಲಿಂಗಪೂಜೆ ಆದ್ಮೇಲೆ ಪಂಚಾಮೃತ ತಗೊಂಡ್ರಲ್ಲ, ಅದ್ರಲ್ಲಿ ಹಾಲು ತುಪ್ಪ ಇತ್ತಲ್ವಾ?" ಎಂದಳು.

"ಪ್ರಸಾದನ ಯಾರಾದ್ರೂ ತಿಂಡಿ ಅಂತಾರೇನೇ? ಬಾಯ್ಮುಚ್ಚು" ಎಂದು ಗದರಿದೆ. ಡ್ರೈವರ್ ಕೂಡ ತಿರುಗಿ ನೋಡಿದ.

ನಲವತ್ತು ವರ್ಷದಿಂದ ಉಪವಾಸದ ದಿನವೂ ಪ್ರಸಾದ ತೆಗೆದುಕೊಂಡಿದ್ದೇನೆ. ಉಪವಾಸ ಕೆಟ್ಟಿತೆಂದು ಯಾರೂ ಹೇಳಿಲ್ಲ. ಹಾಗಾದರೆ ನಾನು ಹೇಳಿದ್ದು ಸುಳ್ಳಲ್ಲ. ಆದರೆ ಪಿತ್ತಕೋಶಕ್ಕೆ ಪ್ರಸಾದದ ತುಪ್ಪವೂ ತುಪ್ಪವೇ ಅಲ್ಲವೇ? ಅದು ಕಾಣದಿದ್ದದ್ದು ಕಾಯಿಲೆಯಿಂದಲೋ, ತುಪ್ಪದಿಂದಲೋ? ಹೇಳದಿದ್ದರೆ ಹೊಟ್ಟೆ ಕೊಯ್ಯುತ್ತಾರೆ. ಹೇಳಿದರೆ ಸೊಸೆಯ ಮಾತೇ ಸರಿ ಎಂದಾಗುತ್ತದೆ.

ಈಗಷ್ಟೇ ಸೊಸೆಯ ಹತ್ತಿರ ಡಾಕ್ಟರ ನಂಬರಿನ ಚೀಟಿ ಕೇಳಿದೆ. ಮಹಾನಂದಾ ಏಕೆಂದು ಕೇಳದೆ ಕೊಟ್ಟಳು. ನಗಲೂ ಇಲ್ಲ. ನಾಳೆ ಬೆಳಿಗ್ಗೆ ನಾನೇ ಫೋನ್ ಮಾಡಿ ಹೀಗೆನ್ನಬೇಕು: "ಡಾಕ್ಟರೇ, ನಾನು ಸುಳ್ಳು ಹೇಳಲಿಲ್ಲ, ಆದರೆ ಬೆಳಿಗ್ಗೆ ಪ್ರಸಾದ ಅಂತ..."