ಡಿಪೋ ಟೀಮು, ಅಮ್ಮ ಮತ್ತು ನನ್ನ ಬಾವುಟ

2 ಅಕ್ಟೋಬರ್ 2011, ಭಾನುವಾರ

ಇವತ್ತೂ ಸೋತೆವು. ಐದು–ಸೊನ್ನೆ. ಅಮ್ಮನ ಗಂಟಲು ಕಟ್ಟಿದೆ. ಉಪ್ಪುನೀರು ಮುಕ್ಕಳಿಸುತ್ತಿದ್ದಾಳೆ, ನಡುನಡುವೆ ರೆಫರಿಯನ್ನು ಬೈಯುತ್ತಿದ್ದಾಳೆ. ಎರಡನ್ನೂ ಒಟ್ಟಿಗೆ ಮಾಡಲು ಆಗುವುದಿಲ್ಲ. ಕನ್ನಡಿಯೆಲ್ಲ ಒದ್ದೆ.

ನಮ್ಮದು ಡಿಪೋ ಫುಟ್‌ಬಾಲ್ ಟೀಮು. ಅಮ್ಮ ಓಡಿಸುವ ಬಸ್ಸಿನ ಡಿಪೋದ್ದೇ. ಮೆಕ್ಯಾನಿಕ್‌ಗಳು, ಕಂಡಕ್ಟರ್‌ಗಳು, ಟೈರ್ ಬಿಚ್ಚುವವರು — ಅವರೇ ಆಡುವುದು. ಗೋಲ್‌ಕೀಪರ್‌ಗೆ ‘ಗೋಡೆ’ ಎಂದು ಹೆಸರು. ಕಿಟಕಿ, ಬಾಗಿಲು ಎಲ್ಲ ತೆರೆದಿಟ್ಟ ಗೋಡೆ ಎಂದು ಕ್ಲಾಸಿನಲ್ಲಿ ನಗುತ್ತಾರೆ. ಅವರೆಲ್ಲ ಗಿರಣಿ ಟೀಮಿನವರು. ಗಿರಣಿಯವರು ಸೋಲುವುದೇ ಇಲ್ಲ.

ಅಪ್ಪನನ್ನು ಕೇಳಿದೆ, ನಿನ್ನ ಟೀಮು ಯಾವುದು ಅಂತ. ಅಪ್ಪನ ಕಟಿಂಗ್ ಶಾಪು ನಮ್ಮ ಮನೆಯ ಕೆಳಗೇ ಇದೆ.

“ನನ್ನ ಕುರ್ಚಿ ಮೇಲೆ ಎಲ್ಲಾ ಟೀಮಿನೋರೂ ಕೂರ್ತಾರೆ ಪುಟ್ಟಿ. ಕೈಲಿ ಕತ್ತಿ ಇಟ್ಕೊಂಡು ಪಕ್ಷ ಹಿಡಿಯೋಕಾಗುತ್ತಾ?”

16 ಅಕ್ಟೋಬರ್

ಆಫ್‌ಸೈಡ್ ಅಂದರೇನು ಅಂತ ಇವತ್ತು ಗೊತ್ತಾಯಿತು. ಅಮ್ಮ ಹೇಳಿಕೊಟ್ಟಳು.

“ಬಸ್ಸಿಗೆ ಎಲ್ಲರೂ ಕ್ಯೂ ನಿಂತಿರ್ತಾರೆ. ಒಬ್ಬ ಮಾತ್ರ ಮೆಲ್ಲಗೆ ಮುಂದೆ ಹೋಗಿ ಬಾಗಿಲ ಹತ್ರ ನಿಂತಿರ್ತಾನಲ್ಲ, ಅಂಥೋನು. ನಮ್ಮೋನು ಬಾಲ್ ಒದೆಯೋ ಹೊತ್ತಿಗೆ ಇನ್ನೊಬ್ಬ ನಮ್ಮೋನು ಅವರ ಡಿಫೆಂಡರನ್ನ ದಾಟಿ ಮುಂದೆ ನಿಂತಿದ್ರೆ, ತಪ್ಪು. ಗೆರೆ ಪಕ್ಕ ನಿಂತಿರೋ ಲೈನ್ಸ್‌ಮನ್ ಬಾವುಟ ಎತ್ತುತ್ತಾನೆ.”

“ಅವರು ಹಾಗೆ ನಿಂತಿದ್ರೆ?”

“ಅದು ಮಹಾಮೋಸ. ನಮ್ಮೋರು ನಿಂತಿದ್ರೆ ಜಾಣತನ.”

9 ನವೆಂಬರ್ 2014

ದ್ರೋಹ ಮಾಡಿಬಿಟ್ಟೆ... ಗೆಳತಿಯ ಜೊತೆ ಗಿರಣಿ ಮ್ಯಾಚ್‌ಗೆ ಹೋಗಿದ್ದೆ. “ಒಂದ್ಸಲ ಗೆಲ್ಲೋ ಕಡೆ ಕೂತು ನೋಡೇ, ಹೇಗಿರುತ್ತೆ ಅಂತ” ಎಂದಳು. ಹೋದೆ. ಅವರು ನಾಲ್ಕು ಹೊಡೆದರು. ನಾಲ್ಕನೆಯದಕ್ಕೆ ಅರ್ಧ ಗ್ಯಾಲರಿ ಮನೆಗೆ ಹೊರಟಿತ್ತು. ಗೆಳತಿ ಆಕಳಿಸುತ್ತಿದ್ದಳು.

ನಮಗೆ ಒಂದು ಕಾರ್ನರ್ ಕಿಕ್ ಸಿಕ್ಕಿದರೂ ಪಕ್ಕದವರನ್ನು ತಬ್ಬಿಕೊಳ್ಳುತ್ತೇವೆ. ಗುರುತು ಪರಿಚಯ ಇಲ್ಲದಿದ್ದರೂ.

ಅಮ್ಮನಿಗೆ ಹೇಳಿಲ್ಲ. ಹೇಳುವುದೂ ಇಲ್ಲ. ಇನ್ನು ಆ ಕಡೆ ತಲೆ ಹಾಕಿಯೂ ಮಲಗುವುದಿಲ್ಲ.

5 ಮಾರ್ಚ್ 2017

ಗೆದ್ದೆವು!!! ಗೆದ್ದೆವು!!!

ಗೋಡೆ ಪೆನಾಲ್ಟಿ ಹಿಡಿದ. ಹಿಡಿದವನು ಬಾಲ್ ಬಿಡಲೇ ಇಲ್ಲ, ಮಗುವಿನ ಹಾಗೆ ಅಪ್ಪಿಕೊಂಡು ಕೂತುಬಿಟ್ಟ. ಉದ್ದಣ್ಣ ಗೋಲು ಹೊಡೆದ — ಹೊಸ ಹುಡುಗ, ಟೈರ್ ಸೆಕ್ಷನ್, ನಿಂತರೆ ದೀಪದ ಕಂಬ.

ಇನ್ನೊಂದು. ರೆಫರಿ ಥ್ರೋ ತಪ್ಪಾಗಿ ಕೊಟ್ಟರು. ನಾನು ಎದ್ದು ನಿಂತು ರೂಲ್ ನಂಬರ್ ಸಮೇತ ಕೂಗಿದೆ. ಮ್ಯಾಚ್ ಮುಗಿದ ಮೇಲೆ ಅವರೇ ಗ್ಯಾಲರಿಗೆ ಹತ್ತಿ ಬಂದರು. ಶಾಲೆ ಮೇಷ್ಟ್ರು, ಭಾನುವಾರ ರೆಫರಿ; ಊರಿಗೆಲ್ಲ ‘ವಿಸಲ್ ಮೇಷ್ಟ್ರು’. ಬೈಯುತ್ತಾರೆ ಅಂದುಕೊಂಡೆ.

“ನೀನು ಹೇಳಿದ್ದೇ ಸರಿ. ಅಷ್ಟು ಗೊತ್ತಿದ್ರೆ ಕೂಗೋದ್ಯಾಕೆ, ಪರೀಕ್ಷೆ ಕಟ್ಟು. ನಮ್ಮಲ್ಲಿ ಜನ ಇಲ್ಲ.”

ಅಮ್ಮ ನಡುವೆ ಬಾಯಿ ಹಾಕಿದಳು: “ಕುರುಡರ ಸಂಘಕ್ಕೆ ನನ್ನ ಮಗಳನ್ನ ಕೊಡಲ್ಲ ಮೇಷ್ಟ್ರೇ.”

18 ಆಗಸ್ಟ್ 2019

ಪಾಸ್. ರೆಫರಿಯ ಕಪ್ಪು ಜೆರ್ಸಿ ಸಿಕ್ಕಿತು. ಸ್ವಲ್ಪ ದೊಡ್ಡದು. ಸದ್ಯಕ್ಕೆ ಶಾಲೆ ಮಕ್ಕಳ ಮ್ಯಾಚ್‌ಗಳು ಮಾತ್ರ.

ಅಪ್ಪ ಅಂಗಡಿಗೆ ಬಂದವರಿಗೆಲ್ಲ ಸಿಹಿ ಹಂಚಿದ. ಅಮ್ಮ ಬಸ್ಸಿನಲ್ಲಿ ಯಾರಾದರೂ ಕೇಳಿದರೆ “ಮಗಳು ಏನೋ ಕೋರ್ಸ್ ಮಾಡ್ತಿದ್ದಾಳೆ” ಎನ್ನುತ್ತಾಳಂತೆ. ಆದರೆ ಜೆರ್ಸಿಯ ತೋಳು ಮೊಟಕು ಮಾಡಿ ಹೊಲಿದುಕೊಟ್ಟವಳು ಅವಳೇ. ಬೈಯುತ್ತಲೇ ಹೊಲಿದಳು.

5 ಮಾರ್ಚ್ 2023, ಭಾನುವಾರ, ಬೆಳಿಗ್ಗೆ

ವಿಸಲ್ ಮೇಷ್ಟ್ರ ಫೋನ್. ಇವತ್ತಿನ ಲೈನ್ಸ್‌ಮನ್‌ಗೆ ಹೊಟ್ಟೆ ಕೆಟ್ಟಿದೆ. ನಾನು ಹೋಗಬೇಕು. ಮ್ಯಾಚ್ — ಡಿಪೋಗೂ ಮಾರ್ಕೆಟ್ ಟೀಮಿಗೂ. ಲೀಗಿನ ಕೊನೆಯದು. ಗೆದ್ದರೆ ಡಿಪೋ ಫಸ್ಟ್ ಡಿವಿಷನ್‌ನಲ್ಲಿ ಉಳಿಯುತ್ತದೆ. ಡ್ರಾ ಆದರೂ ಕೆಳಗೆ, ಸೆಕೆಂಡ್ ಡಿವಿಷನ್‌ಗೆ.

“ಸರ್, ನಾನು ಡಿಪೋದವಳು.”

“ಅದು ಊರಿಗೇ ಗೊತ್ತು. ಮಾರ್ಕೆಟ್‌ನೋರೂ ಒಪ್ಪಿದ್ದಾರೆ. ಅವರ ಕ್ಯಾಪ್ಟನ್ ನಿಮ್ಮಪ್ಪನ ಹತ್ರಾನೇ ಗಡ್ಡ ಮಾಡಿಸ್ಕೊಳ್ಳೋದು, ಒಳ್ಳೇ ಮನೆ ಅಂದ. ಬೇರೆ ಯಾರೂ ಇಲ್ಲಮ್ಮ.”

ಅಮ್ಮನಿಗೆ ನೆಲದ ಮೇಲೆ ಕಾಲಿಲ್ಲ. “ಕೊನೆಗೂ ನಮ್ಮೋರೊಬ್ಬರು ಅಲ್ಲಿ!” ಎಂದು ನನಗೆ ಎರಡು ಮೊಟ್ಟೆ ಜಾಸ್ತಿ ಬೇಯಿಸಿದ್ದಾಳೆ. ಒಂದನ್ನು ಅಪ್ಪನ ತಟ್ಟೆಗೆ ಜಾರಿಸಿದೆ.

ಅದೇ ದಿನ, ಸಂಜೆ

ಜೆರ್ಸಿ ಇನ್ನೂ ಬಿಚ್ಚಿಲ್ಲ. ಬರೆದರೆ ಮನಸ್ಸು ಸರಿಹೋಗಬಹುದು.

ಒಂದು–ಒಂದು. ಇನ್ನೇನು ಮುಗಿಯಬೇಕು. ಮಧ್ಯದಿಂದ ಉದ್ದ ಪಾಸ್ ಹೊರಟಿತು. ಉದ್ದಣ್ಣ ತಲೆ ಕೊಟ್ಟ. ಬಲೆಯೊಳಗೆ. ಡಿಪೋ ಗ್ಯಾಲರಿ ಹುಚ್ಚೆದ್ದು ಕುಣಿಯಿತು.

ನನ್ನ ಬಾವುಟ ಮೇಲಿತ್ತು.

ಎತ್ತಬೇಕೋ ಬೇಡವೋ ಎಂದು ಯೋಚಿಸಲಿಲ್ಲ. ಪಾಸ್ ಹೊರಟಾಗ ಉದ್ದಣ್ಣ ಮುಂದಿದ್ದ. ಕಣ್ಣು ಕಂಡಿತು, ಕೈ ಎದ್ದಿತು. ಮೇಷ್ಟ್ರು ನನ್ನತ್ತ ನೋಡಿದರು. ಅವರು ಕಣ್ಣಲ್ಲೇ ಕೇಳಿದರು, ನಾನು ಹೌದೆಂದು ತಲೆ ಆಡಿಸಿದೆ. ವಿಸಲ್. ಗೋಲಿಲ್ಲ.

ಆಗ ಬೆನ್ನ ಹಿಂದಿನಿಂದ, ಇಷ್ಟು ವರ್ಷ ಎಲ್ಲ ರೆಫರಿಗಳನ್ನೂ ಬೈದು ಪಳಗಿದ ಆ ಗಂಟಲು:

“ಯಾವ ತಾಯಿ ಹೆತ್ತಳೋ ಇವಳನ್ನ!”

ಇಡೀ ಗ್ಯಾಲರಿ ತಿರುಗಿ ಅಮ್ಮನನ್ನು ನೋಡಿತು. ಯಾರೋ ನಕ್ಕರು. ಅಮ್ಮ ಕೂತುಬಿಟ್ಟಳು.

ಡ್ರಾ. ಕೆಳಗಿಳಿದೆವು. ಉದ್ದಣ್ಣ ಮೈದಾನದಲ್ಲೇ ಮುಖ ಮುಚ್ಚಿಕೊಂಡು ಮಲಗಿದ್ದ. ನಾನು ಡ್ರೆಸ್ಸಿಂಗ್ ರೂಮಿನಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತೆ.

8 ಮಾರ್ಚ್

ಅಮ್ಮ ಮಾತು ಬಿಟ್ಟಿದ್ದಾಳೆ. ಎಲ್ಲವೂ ಅಪ್ಪನ ಮೂಲಕ.

“ರೀ, ನಿಮ್ಮ ಮಗಳಿಗೆ ಹೇಳಿ, ಬಡಿಸಿದೀನಿ ಅಂತ.”

ಅಪ್ಪ ನನ್ನ ಕಡೆ ತಿರುಗಿ: “ಬಡಿಸಿದ್ದಾಳಂತೆ.” ಅಮ್ಮನ ಕಡೆ ತಿರುಗಿ: “ಕೇಳಿಸ್ತಂತೆ.” ಮೂವರೂ ಒಂದೇ ಮೇಜಿನಲ್ಲಿ. ನಗು ಬಂತು, ನುಂಗಿಕೊಂಡೆ.

ಕೈ ಕೆಳಗೇ ಇಟ್ಟಿದ್ದರೆ? ಯಾರಿಗೂ ಗೊತ್ತಾಗುತ್ತಿರಲಿಲ್ಲ. ಡಿಪೋ ಉಳಿಯುತ್ತಿತ್ತು. ಆದರೆ ಮುಂದಿನ ಸಲ ಗೆದ್ದಾಗ ನಾನು ಯಾವ ಮುಖ ಇಟ್ಟುಕೊಂಡು ಕುಣಿಯುವುದು...

14 ಮಾರ್ಚ್

ಬರೆಯಲೇಬೇಕು. ಅಮ್ಮನ ಬಸ್ಸಿನ ಕಂಡಕ್ಟರ್ ಕಟಿಂಗ್‌ಗೆ ಬಂದಿದ್ದರು. ಅರ್ಧ ತಲೆ ಆಗಿತ್ತು, ನನ್ನನ್ನು ಕಂಡು ಕುರ್ಚಿಯಿಂದ ಎದ್ದೇಬಿಟ್ಟರು.

“ಅಮ್ಮ ಹೇಳಿಲ್ವಾ? ನಿನ್ನೆ ಬಸ್ಸಲ್ಲಿ ಒಬ್ಬ, ಆ ಲೈನ್ ಹುಡುಗಿ ಮಾರ್ಕೆಟ್‌ನೋರ ಹತ್ರ ಕಾಸು ತಿಂದಿದ್ದಾಳೆ ಅಂದ. ಸೇತುವೆ ನಟ್ಟನಡುವೆ ಗಕ್ಕನೆ ಬ್ರೇಕು! ನಿಮ್ಮಮ್ಮ ಎದ್ದು ಬಂದರು. ಹಿಂದೆ ಗಾಡಿಗಳೆಲ್ಲ ಬೊಬ್ಬೆ ಹೊಡೀತಾ ಇವೆ. ‘ಅದು ಆಫ್‌ಸೈಡೇ. ನಾನು ನೆಟ್ಟಗೆ ಆ ನೇರಕ್ಕೇ ಕೂತಿದ್ದೆ, ಕಣ್ಣಾರೆ ಕಂಡಿದ್ದೀನಿ. ನಮ್ಮ ಹುಡುಗ ಮುಂದಿದ್ದ. ಆ ಹುಡುಗೀನ ಹೆತ್ತೋಳು ನಾನೇ. ಇನ್ನೂ ಏನಾದ್ರೂ ಹೇಳೋದಿದ್ರೆ ಕೆಳಗಿಳಿದು ಹೇಳಿ’ ಅಂದರು.”

“ಆಮೇಲೆ?”

“ಅವನು ಟಿಕೆಟ್ ಓದ್ತಾ ಕೂತ. ಸೇತುವೆ ಮೇಲೆ ಎಲ್ಲಿ ಇಳೀತಾನೆ ಪಾಪ!”

ಅಪ್ಪ ಕತ್ತರಿ ಕೆಳಗಿಟ್ಟು ನಕ್ಕ. ಕಂಡಕ್ಟರ್ ಅರ್ಧ ತಲೆಯಲ್ಲೇ ನಕ್ಕರು.

ಸಂಜೆ ಅಮ್ಮ ಬಂದಳು. ನಾನು ಅವಳ ಮುಖವನ್ನೇ ನೋಡುತ್ತಿದ್ದೆ.

“ಯಾಕೆ ಹಲ್ಲು ಕಿರೀತಿದ್ದೀಯ?” ನೇರ ನನಗೇ!

“ಏನಿಲ್ಲ.”

ಚಪ್ಪಲಿ ಬಿಚ್ಚಿದಳು. ನೀರು ಕುಡಿದಳು.

“ಒಂದು ಹೆಜ್ಜೆ ಮುಂದಿದ್ದ, ಅಲ್ವಾ?”

“ಅರ್ಧ.”

“ಅರ್ಧ ಹೆಜ್ಜೆಗೆ ಬಾವುಟ ಎತ್ತಿದ್ಯಾ, ಪಾಪಿ ಮುಂಡೇದೇ!” ಎಂದು ಕೈಲಿದ್ದ ಟವೆಲ್ ಎಸೆದಳು. ಆಮೇಲೆ ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಅಪ್ಪ ಮಹಡಿ ಹತ್ತಿ ಬಂದು, “ಸದ್ಯ, ನನ್ನ ಪೋಸ್ಟ್‌ಮ್ಯಾನ್ ಕೆಲಸ ಹೋಯ್ತು” ಎಂದ.

1 ಅಕ್ಟೋಬರ್ 2023, ಭಾನುವಾರ, ಹಾಫ್ ಟೈಮ್

ಗ್ಯಾಲರಿಯಲ್ಲೇ ಕೂತು ಬರೆಯುತ್ತಿದ್ದೇನೆ. ಸೆಕೆಂಡ್ ಡಿವಿಷನ್, ಮೊದಲ ಮ್ಯಾಚ್. ಮೈದಾನ ಚಿಕ್ಕದು, ಹುಲ್ಲು ಕಮ್ಮಿ, ಬೆಂಚು ಅಲ್ಲಾಡುತ್ತದೆ. ನನಗೆ ಇವತ್ತು ಡ್ಯೂಟಿ ಇಲ್ಲ. ಡಿಪೋ ಮ್ಯಾಚ್‌ಗೆ ಇನ್ನು ಹಾಕಬೇಡಿ ಎಂದು ಮೇಷ್ಟ್ರಿಗೆ ನಾನೇ ಹೇಳಿದ್ದೇನೆ. ಒಂದು ಸಲ ಸಾಕು.

ಎದುರಾಳಿ — ಯಾವುದೋ ಬೇಕರಿಯವರ ಟೀಮು. ಅವರಿಗೇ ಒಂದು–ಸೊನ್ನೆ ಸೋಲುತ್ತಿದ್ದೇವೆ. ಅಮ್ಮ ಖುಷಿಯಾಗಿದ್ದಾಳೆ. “ಇಲ್ಲಿ ರೆಫರಿಗೆ ನಮ್ಮ ಮಾತು ಇನ್ನೂ ಚೆನ್ನಾಗಿ ಕೇಳುತ್ತೆ” ಅನ್ನುತ್ತಾಳೆ. ಪಕ್ಕದಲ್ಲಿ ಕೂತವರಿಗೆ ನನ್ನನ್ನು ಆಗಲೇ ತೋರಿಸಿಯಾಯಿತು: “ನಮ್ಮ ಹುಡುಗಿ. ರೆಫರಿ. ಕಣ್ಣು ಅಂದ್ರೆ ಕಣ್ಣು.”

ಶುರುವಾಯಿತು. ಪುಸ್ತಕ ಮುಚ್ಚಬೇಕು. ಅಮ್ಮ ಎದ್ದಳು... ಮಧ್ಯದಿಂದ ಪಾಸ್ — ಉದ್ದಣ್ಣ ಒಬ್ಬನೇ ಓಡುತ್ತಿದ್ದಾನೆ, ಮುಂದೆ ಬರೀ ಗೋಲ್‌ಕೀಪರ್ — ಬೇಕರಿಯವರೆಲ್ಲ ಕೈ ಎತ್ತಿ ಆಫ್‌ಸೈಡ್ ಅಂತಿದ್ದಾರೆ — ಅಮ್ಮ ನನ್ನ ಭುಜ ಹಿಡಿದು ಅಲ್ಲಾಡಿಸುತ್ತಿದ್ದಾಳೆ, ಏನೇ, ಏನೇ, ಹೇಳೇ — ಅಲ್ಲಮ್ಮ, ಅಲ್ಲವೇ ಅಲ್ಲ, ಈ ಸಲ ನಾನು ನೋಡಿದ್ದೇನೆ, ಪಾಸ್ ಹೊರಟಾಗ ಅವನು ಹಿಂದೇ ಇದ್ದ — ಓಡೋ ಉದ್ದಣ್ಣ, ಓಡು!